ಹೂಂ ಅನ್ನುವವಳ ವಿಳಾಸ

"ಹಂಗಾದ್ರ ನಾ ಯಾ ರಾಜ್ಯದಾಕಿ?"

ಹತ್ತಿಗೂಡೂರ ಕ್ರಾಸಿನಲ್ಲಿ ಬಸ್ಸು ತನ್ನನ್ನು ಇಳಿಸಿ ಹೋದ ಮೇಲೆ ಸೂಗಮ್ಮ ಇದನ್ನು ಗಟ್ಟಿಯಾಗಿಯೇ ಕೇಳಿದಳು. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಪಂಕ್ಚರ್ ಅಂಗಡಿಗೆ ಬೀಗ ಬಿದ್ದಿತ್ತು. ನಡುರಸ್ತೆಯಲ್ಲಿ ಒಂದು ಎಮ್ಮೆ ಅಡ್ಡ ನಿಂತು, ಸುರಪುರಕ್ಕೆ ಹೋಗುವ ಲಾರಿಯನ್ನೂ ಶಹಾಪುರಕ್ಕೆ ಹೋಗುವ ಜೀಪನ್ನೂ ಒಟ್ಟಿಗೇ ತಡೆದಿತ್ತು. ಅದರ ಕಾರ್ಡು ಯಾರೂ ಕೇಳಿರಲಿಲ್ಲ.

ಕಂಡಕ್ಟರನದು ತಪ್ಪೇನೂ ಇರಲಿಲ್ಲ. ಅವನು ಆ ಮಾರ್ಗಕ್ಕೆ ಹೊಸಬ. ಹಳಬರು ಸೂಗಮ್ಮನ ಮುಖ ನೋಡಿಯೇ ಸೊನ್ನೆ ಬರೆದ ಟಿಕೇಟು ಹರಿದು ಕೊಡುತ್ತಿದ್ದರು. ಇವನು ಆಧಾರ ಕಾರ್ಡು ಇಸಗೊಂಡು ಹಿಂದೆಮುಂದೆ ತಿರುಗಿಸಿ, ಪುರಾಣದ ಪದ್ಯ ಓದಿದ ಹಾಗೆ ನಿಲ್ಲಿಸಿ ನಿಲ್ಲಿಸಿ ಓದಿದ. ಪುಕ್ಕಟೆ ಬಸ್ಸು ಇರುವುದು ಕರ್ನಾಟಕದ ಹೆಣ್ಣುಮಕ್ಕಳಿಗೆ, ಈ ಕಾರ್ಡಿನ ಮೇಲಿರುವುದು ತೆಲಂಗಾಣ, ಜಿಲ್ಲಾ ನಾರಾಯಣಪೇಟ, ಆದ್ದರಿಂದ ಟಿಕೇಟು ತಗೊಳ್ಳಬೇಕು ಎಂದು ಸಮಾಧಾನದಿಂದಲೇ ಹೇಳಿದ. ಸೂಗಮ್ಮನ ಹತ್ತಿರ ರೊಕ್ಕ ಇರಲಿಲ್ಲ. ಬಸ್ಸು ಪುಕ್ಕಟೆ ಆದಾಗಿನಿಂದ ಆಕೆ ಎಲೆಯಡಿಕೆ ಚೀಲ ಒಂದು ಬಿಟ್ಟು ಬೇರೇನೂ ಹಿಡಿದು ಹೊರಟವಳಲ್ಲ. ಬಸ್ಸಿನ ತುಂಬ ಹೆಂಗಸರಿದ್ದರು, ಎಲ್ಲರಿಗೂ ಅಯ್ಯೋ ಪಾಪ ಅನ್ನಿಸಿತು, ಒಬ್ಬರ ಸೆರಗಿನಲ್ಲೂ ಬಿಡಿಗಾಸು ಇರಲಿಲ್ಲ. ಎರಡು ವರ್ಷದಲ್ಲಿ ಗಂಟು ಹಾಕುವ ರೂಢಿಯೇ ತಪ್ಪಿಹೋಗಿತ್ತು.

ಕಾರ್ಡು ನಾರಾಯಣಪೇಟೆಗೆ ಹೋದದ್ದು ಕಣ್ಣಿನ ದೆಸೆಯಿಂದ. ಹೋದ ಚಳಿಗಾಲದಲ್ಲಿ ಸೂಗಮ್ಮನ ಎಡಗಣ್ಣಿಗೆ ಪೊರೆ ಬಂದಿತ್ತು. ಮಗಳು ಭುವನೇಶ್ವರಿಯನ್ನು ಕೊಟ್ಟದ್ದು ಗುರುಮಠಕಲ್ಲಿನ ಆಚೆಗೆ, ನಾರಾಯಣಪೇಟೆಗೆ. ಅಳಿಯ ಬಸವಲಿಂಗ ಸೀರೆ ಅಂಗಡಿಯಲ್ಲಿ ಗುಮಾಸ್ತ, ಸರ್ಕಾರದ ಯಾವ ಸವಲತ್ತು ಯಾವ ಕಿಟಕಿಯಲ್ಲಿ ಸಿಗುತ್ತದೆ ಎಂದು ಬಲ್ಲವ. ಅತ್ತೆಯನ್ನು ಕರೆಸಿ, ವಿಳಾಸ ತನ್ನ ಮನೆಗೆ ಬದಲಾಯಿಸಿ, ಆ ಕಡೆಯ ಯೋಜನೆಯಲ್ಲಿ ಆಪರೇಶನ್ ಮಾಡಿಸಿದ. ಸೂಗಮ್ಮ ಮಷೀನಿನ ಮೇಲೆ ಹೆಬ್ಬೆರಳು ಒತ್ತಿದ್ದು ನಿಜ. ಅದು ಕಣ್ಣಿನ ಸಲುವಾಗಿ ಅಂದುಕೊಂಡಿದ್ದಳು. ಪೊರೆ ಹೋಯಿತು, ಅದರ ಬೆನ್ನಿಗೆ ರಾಜ್ಯವೂ ಹೋಯಿತು. ಕಣ್ಣು ಸ್ವಚ್ಛ ಕಾಣತೊಡಗಿದ ಮೇಲೂ ಆಕೆ ಕಾರ್ಡು ನೋಡಲಿಲ್ಲ. ತನ್ನ ವಿಳಾಸ ತನಗೆ ಗೊತ್ತಿರುವವರು ಅದನ್ನೇನು ಓದಿಕೊಂಡು ಕೂಡುತ್ತಾರೆ?

ಮನೆ ಇದ್ದದ್ದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ. ಮಗ ಚೇತನಕುಮಾರ ಅಲ್ಲಿ ಕಾಲುವೆ ಕಚೇರಿಯ ಗುಮಾಸ್ತ. ಕೆಟ್ಟ ಮಗ ಅಲ್ಲ. ತಾಯಿ ಎಲ್ಲಿಗಾದರೂ ಹೋಗುತ್ತೇನೆ ಅಂದರೆ ಇಲ್ಲ ಅಂದವನಲ್ಲ. ನೋಟು ತೆಗೆದು ಕೊಡುತ್ತಿದ್ದ. ಆದರೆ ನೋಟಿನ ಸಂಗಡ ನಾಲ್ಕು ಪ್ರಶ್ನೆ ಬರುತ್ತಿದ್ದವು. ಎಲ್ಲಿಗೆ, ಯಾರ ಜೋಡಿ, ಯಾಕೆ, ಎಷ್ಟೊತ್ತಿಗೆ ಬರುವುದು. ಅವನಿಗಿಂತ ಮೊದಲು ಈ ನಾಲ್ಕನ್ನೂ ಅವನ ಅಪ್ಪ ಕೇಳುತ್ತಿದ್ದ, ಅಪ್ಪನಿಗಿಂತ ಮೊದಲು ಅಜ್ಜ. ನಾಲ್ಕಕ್ಕೂ ಉತ್ತರ ಕೊಡುವಷ್ಟರಲ್ಲಿ ಸೂಗಮ್ಮನ ಹೋಗುವ ಆಸೆ ಅರ್ಧ ತಣ್ಣಗಾಗುತ್ತಿತ್ತು. ಬಸ್ಸು ಪುಕ್ಕಟೆ ಆದ ದಿನ ನೋಟು ನಿಂತಿತು, ನೋಟಿನ ಜೊತೆಗೆ ಪ್ರಶ್ನೆಗಳೂ ನಿಂತವು. ಅರವತ್ತೊಂದನೆಯ ವಯಸ್ಸಿಗೆ ಸೂಗಮ್ಮ ಮೊದಲ ಸಲ ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿದಳು. ತಿಂಥಣಿಗೆ ಹೋದಳು, ಕೊಡೇಕಲ್ಲಿಗೆ ಹೋದಳು, ಮೈಲಾಪುರಕ್ಕೆ ಹೋದಳು. ಒಮ್ಮೆ ಯಾದಗಿರಿಗೆ ಹೋಗಿ, ಅಲ್ಲಿ ಕೆಲಸ ಏನೂ ಇಲ್ಲ ಎಂದು ನೆನಪಾಗಿ, ಸ್ಟ್ಯಾಂಡಿನಲ್ಲಿ ಒಂದು ತಾಸು ಕೂತು ಬಂದಳು. ಆ ದಿನದ ಬಗ್ಗೆ ಮಾತಾಡುವಾಗ ಅವಳ ಮುಖ ಕಾಶಿಗೆ ಹೋಗಿ ಬಂದವರ ಮುಖದ ಹಾಗಿರುತ್ತಿತ್ತು.

ಎಲ್ಲಕ್ಕಿಂತ ಮಿಗಿಲಾಗಿ, ದೇವಾಪುರದ ಪುರಾಣ. ದೇವಾಪುರ ಸುರಪುರದ ಹತ್ತಿರದ ಊರು, ಸೂಗಮ್ಮನ ತವರು. ಶ್ರಾವಣದಲ್ಲಿ ಅಲ್ಲಿ ತಿಂಗಳಿಡೀ ಮಧ್ಯಾಹ್ನ ಮೂರಕ್ಕೆ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಪದ್ಯ ಹಾಡಿ ಅರ್ಥ ಹೇಳುತ್ತಾರೆ. ಅರ್ಥ ಮುಗಿದ ಮೇಲೆ ಎದುರಿಗೆ ಕೂತ ಒಬ್ಬರು ಹೂಂ ಅನ್ನಬೇಕು. ಹೂಂ ಬರುವ ತನಕ ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ, ಅದು ಅಲ್ಲಿಯ ಕಟ್ಟಳೆ. ಕೇಳುವವರಿಲ್ಲದೆ ಹೇಳಿದ ಪುರಾಣ ಗಾಳಿಗೆ ತೂರಿದ ಹೊಟ್ಟಿನ ಹಾಗೆ ಎಂದು ಹಿರಿಯರು ಮಾಡಿದ್ದು. ಹೂಂ ಅನ್ನುವುದು ಸುಲಭದ ಕೆಲಸ ಅಂದುಕೊಂಡವರು ಒಮ್ಮೆ ಕೂತು ನೋಡಬೇಕು. ಶರಣನಿಗೆ ಕಷ್ಟ ಬಂದರೆ ಹೂಂ ಕೆಳಗಿಳಿಯಬೇಕು, ಶಿವ ಪ್ರತ್ಯಕ್ಷನಾದರೆ ಉಸಿರು ಹಿಡಿದು ತಡವಾಗಿ ಬರಬೇಕು, ದುಷ್ಟನ ಮಾತಿಗೆ ಬರಲೇಬಾರದು. ಸೂಗಮ್ಮನ ತಾಯಿ ಮೂವತ್ತು ವರ್ಷ ಆ ಜಾಗದಲ್ಲಿ ಕೂತಿದ್ದಳು. ಆಕೆ ತೀರಿದ ಮೇಲೆ ಯಾರು ಯಾರೋ ಕೂತು, ಜಾಗ ತೂತು ಬಿದ್ದ ಕೊಡದಂತಾಗಿತ್ತು. ಪುಕ್ಕಟೆ ಬಸ್ಸಿನ ಮೊದಲ ಶ್ರಾವಣಕ್ಕೆ ಮಗಳು ಸೂಗಮ್ಮ ಬಂದು ಕೂತಳು. ಇದು ಮೂರನೆಯ ಶ್ರಾವಣ. ಆರನೆಯ ದಿನವೇ ಹತ್ತಿಗೂಡೂರಿನಲ್ಲಿ ಇಳಿಸಿಬಿಟ್ಟಿದ್ದರು.

ಆ ದಿನ ಆಕೆ ಶಹಾಪುರದ ಕಡೆ ಹೊರಟ ಟ್ರ್ಯಾಕ್ಟರ್ ಹತ್ತಿ ಮನೆಗೆ ಬಂದಳು. ಚೇತನಕುಮಾರ ಸುದ್ದಿ ಕೇಳಿ ನೋಟು ತೆಗೆದ. ಅದರ ಹಿಂದೆಯೇ, ಎರಡು ವರ್ಷ ರಜೆ ಮೇಲೆ ಹೋಗಿದ್ದ ನೌಕರರಂತೆ, ನಾಲ್ಕೂ ಪ್ರಶ್ನೆಗಳು ಕೆಲಸಕ್ಕೆ ಹಾಜರಾದವು. ಸೂಗಮ್ಮ ನೋಟು ಮುಟ್ಟಲಿಲ್ಲ.

ದೇವಾಪುರಕ್ಕೆ ಸುದ್ದಿ ಬೇರೆ ರೂಪದಲ್ಲಿ ತಲುಪಿತು. ಸೂಗಮ್ಮ ಪರರಾಜ್ಯದವಳಾಗಿದ್ದಾಳೆ. ಗುಡಿಯ ಕಟ್ಟೆಯ ಮೇಲೆ ಪುರಾಣ ಕಮಿಟಿ ಸೇರಿತು. ಕಮಿಟಿಯ ಅಧ್ಯಕ್ಷ, ಕಿರಾಣಿ ಅಂಗಡಿಯ ಜಗದೇವಪ್ಪ, ನಿಜಾಮನ ಕಾಲದಲ್ಲಿ ಯಾದಗಿರಿ ನಾರಾಯಣಪೇಟೆ ಎಲ್ಲ ಒಂದೇ ಇದ್ದವು, ಗಡಿ ಹಾಕಿ ಎಪ್ಪತ್ತು ವರ್ಷ ಆಗುತ್ತ ಬಂತು, ಆ ಕಂಡಕ್ಟರನಿಗೆ ಈಗ ಗೊತ್ತಾಯಿತೇನು ಎಂದು ಕೇಳಿದ. ಇನ್ನೊಬ್ಬರು, ಪರರಾಜ್ಯದ ಹೂಂ ನಮ್ಮ ಪುರಾಣಕ್ಕೆ ನಡೆಯುತ್ತದೋ ಇಲ್ಲವೋ ಎಂಬ ಧರ್ಮಸೂಕ್ಷ್ಮ ಎತ್ತಿದರು. ಮತ್ತೊಬ್ಬರು, ಪುರಾಣದೊಳಗಿನ ಶರಣರು ಅರ್ಧ ಪದ್ಯದಲ್ಲಿ ಕಲ್ಯಾಣದಿಂದ ಶ್ರೀಶೈಲಕ್ಕೆ ಹೋಗುತ್ತಾರಲ್ಲ, ಅವರಿಗೆ ವಿಳಾಸ ಎಲ್ಲಿಯದು ಅಂದರು. ಕೊನೆಗೆ ಟಿಕೇಟು ಕಮಿಟಿಯೇ ಕೊಡಬೇಕೆಂದೂ, ಕೊಟ್ಟದ್ದನ್ನು ದಿನಾ ಮೈಕಿನಲ್ಲಿ ಸಾರಬೇಕೆಂದೂ ಠರಾವಾಯಿತು. ಫ್ಯಾನು ಕೊಟ್ಟವರ, ಶಾಮಿಯಾನ ಕೊಟ್ಟವರ ಹೆಸರಿನ ನಡುವೆ ತನ್ನ ಬಡತನವನ್ನು ಸಾರಿಸಿಕೊಳ್ಳಲು ಮನಸ್ಸಿಲ್ಲ ಎಂದು ಸೂಗಮ್ಮ ಫೋನಿನಲ್ಲಿ ತಿಳಿಸಿದಳು. ಕಮಿಟಿಗೆ ಇದು ಅಹಂಕಾರವಾಗಿ ಕಂಡಿತು.

ನಾರಾಯಣಪೇಟೆಯಿಂದ ಮಗಳ ಫೋನು ಬಂತು. ಭುವನೇಶ್ವರಿಯ ಲೆಕ್ಕ ಸರಳ ಇತ್ತು. ಕಾರ್ಡು ಇಲ್ಲಿಯದು, ಇಲ್ಲಿಯೂ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಅವ್ವ ಇಲ್ಲಿಗೇ ಬಂದುಬಿಡಲಿ. ಅಳಿಯ ಫೋನು ಇಸಗೊಂಡು, ಒಬ್ಬ ಮನುಷ್ಯನಿಗೆ ಎರಡು ರಾಜ್ಯದ ಹಕ್ಕು ಹೆಂಗ ಸಿಗತೈತ್ರಿ, ಒಂದನ್ನು ಆರಿಸಿಕೊಳ್ಳಬೇಕು ಎಂದು ನ್ಯಾಯ ಹೇಳಿದ. ಆರಿಸಿದ್ದು ತಾನೇ ಎಂಬುದು ಅವನಿಗೆ ಮರೆತಿತ್ತು. ಚೇತನಕುಮಾರನಿಗೂ ಇದು ಒಪ್ಪಿಗೆಯಾಯಿತು. ಕಚೇರಿಯಲ್ಲಿ ದಿನಕ್ಕೊಬ್ಬರು, ನಿಮ್ಮ ಅವ್ವನ್ನ ತಿಂಥಣ್ಯಾಗ ನೋಡಿದೆ, ನಿಮ್ಮ ಅವ್ವನ್ನ ಸುರಪುರದಾಗ ನೋಡಿದೆ ಎಂದು ವರದಿ ಒಪ್ಪಿಸುವುದು ಅವನಿಗೆ ಬೇಸರ ತಂದಿತ್ತು. ತೆಲಂಗಾಣದಲ್ಲಿ ನೋಡುವವರು ಯಾರೂ ಇರಲಿಲ್ಲ.

ಪುರಾಣದ ಎಂಟನೆಯ ದಿನ ಸೂಗಮ್ಮ, ಕರೆಯಲು ಬಂದ ಅಳಿಯನ ಜೋಡಿ, ಪರರಾಜ್ಯಕ್ಕೆ ಹೊರಟಳು. ಕ್ಯಾಂಪಿನ ಹೆಂಗಸರು ಬುತ್ತಿ ಕಟ್ಟಿಕೊಟ್ಟರು. ದುಬೈಗೆ ಹೊರಟವರಿಗೆ ಹೇಳುವಂತೆ, ಅಲ್ಲಿಯ ನೀರು ಹಿಡಿಸದಿದ್ದರೆ ಕಾಸಿ ಕುಡಿ ಅಂದರು.

ಆ ಕಡೆಯ ಬಸ್ಸು ಚೆನ್ನಾಗಿತ್ತು. ಕಂಡಕ್ಟರು ಕಾರ್ಡು ನೋಡಿ, ಕೂತ್ಕೋ ಅಮ್ಮಾ ಎಂದು ತೆಲುಗಿನಲ್ಲಿ ಹೇಳಿ ಸೊನ್ನೆ ಟಿಕೇಟು ಕೊಟ್ಟ. ಸೊನ್ನೆ ಎರಡೂ ಕಡೆ ಒಂದೇ ಆಕಾರ ಇತ್ತು. ಸೂಗಮ್ಮ ಮಕ್ತಲಿಗೆ ಹೋಗಿ ಬಂದಳು, ಮಹಬೂಬನಗರಕ್ಕೆ ಹೋಗಿ ಬಂದಳು. ಯಾರೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಆದರೆ ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಾಗಲಿಲ್ಲ. ಯಾವ ದೇವರು ಯಾವ ವಾರ ಸಿಗುತ್ತಾನೆ, ಯಾವ ಮಠದ ಕಟ್ಟೆ ನೆರಳಿರುತ್ತದೆ, ಎಲ್ಲಿ ಯಾವ ಅಜ್ಜಿ ಸರಿದು ಜಾಗ ಕೊಡುತ್ತಾಳೆ, ಇದನ್ನೆಲ್ಲ ಮೊದಲಿನಿಂದ ಕಲಿಯಬೇಕಿತ್ತು. ನಾಲ್ಕನೆಯ ದಿನ ಮಗಳು ಅವಳನ್ನು ಒಂದು ಗುಡಿಯ ಕಥೆಗೆ ಕರೆದುಕೊಂಡು ಹೋದಳು. ದಾಸರು ತೆಲುಗಿನಲ್ಲಿ ಲಯವಾಗಿ ಹೇಳುತ್ತಿದ್ದರು, ರಾಗ ಗುರುತಿನದೇ ಇತ್ತು. ಸೂಗಮ್ಮ ಕಣ್ಣು ಮುಚ್ಚಿ, ತಲೆ ತೂಗಿ, ತನ್ನ ರೂಢಿಯಂತೆ ತುಂಬುಕಂಠದಿಂದ ಹೂಂ ಅಂದಳು. ಸಭೆ ತಿರುಗಿ ನೋಡಿತು. ಕಥೆಯಲ್ಲಿ ಅದೇ ಆಗ ಸಾಧ್ವಿಯೊಬ್ಬಳನ್ನು ಅತ್ತೆ ಬಾವಿಗೆ ನೂಕಿದ್ದಳು. ಭುವನೇಶ್ವರಿ ತಾಯಿಯ ಕೈ ಹಿಡಿದು ಮೆಲ್ಲಗೆ ಹೊರಗೆ ಕರೆತಂದಳು. ಆಮೇಲೆ ಸೂಗಮ್ಮ ಕಥೆಗೆ ಹೋಗಲಿಲ್ಲ. ಮನೆಯ ಜಗಲಿಯ ಮೇಲೆ ಕೂತು, ಈ ಹೊತ್ತಿಗೆ ದೇವಾಪುರದಲ್ಲಿ ಎಷ್ಟನೆಯ ಪದ್ಯ ನಡೆದಿರಬಹುದು ಎಂದು ಎಣಿಸುತ್ತಿದ್ದಳು.

ದೇವಾಪುರದಲ್ಲಿ ಪದ್ಯ ನಡೆದಿರಲಿಲ್ಲ. ರೇವಣಸಿದ್ದ ಶಾಸ್ತ್ರಿಗಳು ದೊಡ್ಡ ವಿದ್ವಾಂಸರು, ಸಾವಿರ ಪದ್ಯ ಬಾಯಲ್ಲೇ ಇದ್ದವು, ಆದರೆ ಮೂರು ವರ್ಷದಿಂದ ಅವರ ಕಾಲು ಸೂಗಮ್ಮನ ಹೂಂ ಎಂಬ ಮೆಟ್ಟಿಲ ಮೇಲೆ ಊರಿ ಮೇಲೇರುವುದನ್ನು ರೂಢಿ ಮಾಡಿಕೊಂಡಿತ್ತು. ಮೊದಲು ತಿಮ್ಮವ್ವ ಎಂಬ ಮುದುಕಿಯನ್ನು ಕೂಡಿಸಿದರು. ಆಕೆ ಮೂರನೆಯ ಪದ್ಯಕ್ಕೆ ನಿದ್ದೆ ಹೋದಳು. ಪಂಚಾಯಿತಿಯ ಒಬ್ಬ ಗುಮಾಸ್ತ ಕೂತ. ಅವನ ಹೂಂ ಫೋನಿನಲ್ಲಿ ಸಾಹೇಬರಿಗೆ ಹೇಳಿದಂತೆ, ಅರ್ಥ ಹೇಳುವುದಕ್ಕಿಂತ ಮುಂಚೆಯೇ ಬರುತ್ತಿತ್ತು. ಆಗ ಜಗದೇವಪ್ಪನಿಗೆ ಉಪಾಯ ಹೊಳೆಯಿತು. ಹೋದ ವರ್ಷದ ಪುರಾಣದ ವಿಡಿಯೋ ಮೊಬೈಲಿನಲ್ಲಿತ್ತು. ಅದರಿಂದ ಸೂಗಮ್ಮನ ಒಂದು ಹೂಂ ಕತ್ತರಿಸಿ ತೆಗೆಸಿ, ಅರ್ಧ ನಿಮಿಷಕ್ಕೊಮ್ಮೆ ತಾನಾಗಿ ಬರುವ ಹಾಗೆ ಮಾಡಿಸಿ, ಮೈಕಿಗೆ ಹಚ್ಚಿದ.

ಮೊದಲ ದಿನ ಎಲ್ಲರೂ ಭೇಷ್ ಅಂದರು. ಎರಡನೆಯ ದಿನ ಕಥೆಯಲ್ಲಿ ಒಬ್ಬ ದುರಹಂಕಾರಿ ಅರಸ ಬಂದ. ಇನ್ನು ಮೇಲೆ ಈ ಲೋಕಕ್ಕೆ ನಾನೇ ಶಿವ, ಒಪ್ಪಿದಿರಾ ಎಂದು ಅವನು ಸಭೆಯನ್ನು ಕೇಳುವ ಪದ್ಯವನ್ನು ಶಾಸ್ತ್ರಿಗಳು ಗುಡುಗುವ ದನಿಯಲ್ಲಿ ಹಾಡಿ ನಿಲ್ಲಿಸಿದರು. ಸ್ಪೀಕರು ಹೂಂ ಅಂದಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಶಾಸ್ತ್ರಿಗಳು ಕೆಮ್ಮಿ, ಆ ಅರಸನ ನಾಶವನ್ನು ಬೇಗ ಬೇಗ ಮಾಡಿಸಿದರು. ಮೂರನೆಯ ದಿನ ತಾಲೂಕಿನ ಧುರೀಣರೊಬ್ಬರು ಅತಿಥಿಯಾಗಿ ಬಂದು ಭಾಷಣ ಮಾಡಿದರು. ಮಷೀನು ಬಂದ್ ಮಾಡುವುದು ಯಾರಿಗೂ ನೆನಪಾಗಲಿಲ್ಲ. ರಸ್ತೆ ಮಾಡಿಸುತ್ತೇನೆ ಅಂದರು, ಹೂಂ. ಕುಡಿಯುವ ನೀರು ತರುತ್ತೇನೆ ಅಂದರು, ಹೂಂ. ಇಷ್ಟು ಭಕ್ತಿಯಿಂದ ಕೇಳುವ ಜನರನ್ನು ತಾವು ಎಲ್ಲಿಯೂ ನೋಡಿಲ್ಲ ಎಂದು ಧುರೀಣರ ಕಣ್ಣು ಒದ್ದೆಯಾಯಿತು. ಹೋಗುವಾಗ ಆ ಮಷೀನಿನದೊಂದು ಕಾಪಿ ಕೇಳಿಕೊಂಡು ಹೋದರು.

ಹದಿನಾರನೆಯ ದಿನ ಸೂಗಮ್ಮ ತಿರುಗಿ ಬಂದಳು. ಅಳಿಯ ಬೇಡ ಅಂದ, ಮಗಳು ಅತ್ತಳು. ಆ ಕಡೆಯ ಪುಕ್ಕಟೆ ಬಸ್ಸು ಗಡಿಯ ಹಳ್ಳಿಗೆ ಬಿಟ್ಟಿತು. ಅಲ್ಲಿಂದ ಗಡಿಯನ್ನು ಆಕೆ ಕಾಲಿನಿಂದ ದಾಟಿದಳು, ಕಾಲು ಯಾರಿಗೂ ಕಾರ್ಡು ತೋರಿಸಬೇಕಿರಲಿಲ್ಲ. ಈಚೆ ಬಂದು, ಮಗಳು ಸೆರಗಿಗೆ ಕಟ್ಟಿದ್ದ ನೋಟು ಬಿಚ್ಚಿ ಟಿಕೇಟು ತಗೊಂಡು ಊರು ಮುಟ್ಟಿದಳು. ತಾನು ಹುಟ್ಟಿದ ಜಿಲ್ಲೆಯಲ್ಲಿ ತಾನೊಬ್ಬಳೇ ಟಿಕೇಟಿನ ಹೆಂಗಸು.

ಮರುದಿನ ಬೆಳಿಗ್ಗೆ ರೇವಣಸಿದ್ದ ಶಾಸ್ತ್ರಿಗಳು ಭೀಮರಾಯನಗುಡಿಗೆ ತಾವೇ ಬಂದರು. ಮೂರು ವರ್ಷದಲ್ಲಿ ಸೂಗಮ್ಮನ ಮನೆ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕ್ಯಾಂಪಿನಲ್ಲಿ ನಾಲ್ಕು ಮನೆ ಕೇಳಿ ಬಂದರು. ಚಹಾ ಕುಡಿದು, ಮಷೀನಿನ ಕಥೆ ಹೇಳಿ, ನಿಮ್ಮ ಹೊರತು ಪುರಾಣ ಇಲ್ಲ ಅಂದರು. ಆಮೇಲೆ ಅಂಗಿಯ ಒಳಜೇಬಿನಿಂದ ಒಂದು ಆಧಾರ ಕಾರ್ಡು ತೆಗೆದು ಚಾಪೆಯ ಮೇಲೆ ಇಟ್ಟರು. ಅದು ಅವರ ಹೆಂಡತಿ ದಾನೇಶ್ವರಿಯದು. ಆಕೆ ತೀರಿ ನಾಲ್ಕು ವರ್ಷವಾಗಿತ್ತು. ಕಾರ್ಡಿಗೆ ಇನ್ನೂ ಜೀವ ಇತ್ತು.

"ಫೋಟೋದಾಗ ಯಾರ ಮಾರಿ ಯಾರಿಗ್ ತಿಳೀತೈತ್ರಿ," ಅಂದರು. "ಶಿವನ ಕೆಲಸಕ್ಕ ಹೊಂಟಾಗ ಅದು ಸುಳ್ಳಾಗೂದಿಲ್ಲ."

ಹಿಂದಿನ ಶ್ರಾವಣದಲ್ಲಿ ಅವರೇ ಸತ್ಯದ ಮೇಲೆ ಒಂಬತ್ತು ದಿನ ಅರ್ಥ ಹೇಳಿದ್ದರು. ಸೂಗಮ್ಮ ಆ ಒಂಬತ್ತೂ ದಿನ ಹೂಂ ಅಂದಿದ್ದಳು. ಈಗ ಕಾರ್ಡು ಕೈಗೆ ತಗೊಂಡು, ಆಪರೇಶನ್ ಆದ ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ಆ ಮುಖ ನೋಡಿದಳು.

"ಇವರು ಬಸ್ಸಿನ್ಯಾಗ ಅಡ್ಡಾಡಿದ್ರೇನ್ರಿ?"

ಶಾಸ್ತ್ರಿಗಳು ಯೋಚಿಸಿದರು. ಹೆಂಡತಿ ತವರಿಗೆ ಹೋಗಿ ಬಂದದ್ದು ಎರಡೋ ಮೂರೋ ಸಲ, ಅದೂ ಬಾಣಂತನಕ್ಕೆ. ಪುರಾಣ ಕೇಳಬೇಕೆಂದು ಒಮ್ಮೆ ಅಂದಿದ್ದು ನೆನಪಿತ್ತು. ಮನೆಯಲ್ಲಿ ಹೇಳುವುದೇ ಪುರಾಣ, ಮತ್ತೆ ಅಲ್ಲಿಗ್ಯಾಕೆ ಎಂದು ತಾವು ನಕ್ಕಿದ್ದು ಕೂಡ ನೆನಪಾಯಿತು. ಕಾರ್ಡನ್ನು ತಾವೇ ಎತ್ತಿ ಜೇಬಿನಲ್ಲಿ ಇಟ್ಟುಕೊಂಡರು.

ಆದರೆ ಬಂದ ಕೆಲಸ ಬಿಡುವವರಲ್ಲ. ಹಿತ್ತಿಲಲ್ಲಿ ಹಲ್ಲು ತಿಕ್ಕುತ್ತಿದ್ದ ಚೇತನಕುಮಾರನನ್ನು ಹಿಡಿದರು. ಸುರಪುರದ ಆನ್‌ಲೈನ್ ಕೇಂದ್ರದಲ್ಲಿ ವಿಚಾರಿಸಿಯೇ ಬಂದಿದ್ದರು. ಇಲ್ಲಿಯ ರೇಷನ್ ಕಾರ್ಡಿನಿಂದ ಹೆಸರು ಹೋಗಿದ್ದರೂ ಚಿಂತೆಯಿಲ್ಲ, ಮನೆಯ ಯಜಮಾನ ಈಕೆ ನನ್ನ ಮನೆಯವಳು ಎಂದು ಒಪ್ಪಿದರೆ ಸಾಕು, ವಿಳಾಸ ತಿರುಗಿ ಬರುತ್ತದೆ. ಯಜಮಾನನ ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನು ಅವನು ಹೇಳಬೇಕು, ಅಷ್ಟೇ. ಚೇತನಕುಮಾರ ಬಾಯಿ ಮುಕ್ಕಳಿಸಿದ. ಕಾವಿ ಶಲ್ಯದ ಶಾಸ್ತ್ರಿಗಳು ಬಾಗಿಲಿಗೆ ಬಂದು ನಿಂತಾಗ, ನಾಲ್ಕು ಮನೆಯವರು ಕೇಳುತ್ತಿರುವಾಗ, ತಾಯಿಯನ್ನು ನಮ್ಮಾಕಿ ಅನ್ನಲಿಕ್ಕೆ ವಿಚಾರ ಮಾಡಬೇಕು ಅನ್ನುವಂತಿರಲಿಲ್ಲ. ಕಚೇರಿಗೆ ಅರ್ಧ ದಿನ ರಜೆ ಹಾಕಿದ.

ಸುರಪುರದ ಕೇಂದ್ರ ಪಂಚಶೀಲಾ ಎಂಬ ಹುಡುಗಿಯದು. ಸಣ್ಣ ಕೋಣೆ, ಎರಡು ಕಂಪ್ಯೂಟರು, ಬಾಗಿಲಾಚೆ ಇಪ್ಪತ್ತು ಜನರ ಸಾಲು. ಆಕೆ ಬೆರಳು ಒತ್ತಿಸಿ, ಹೆಸರು ಕೂಡಿಸಿ, ಸಂಬಂಧ ಎಂಬ ಜಾಗದಲ್ಲಿ ತಾಯಿ ಎಂದು ಹಾಕಿದಳು. ಯಜಮಾನ ಎಂಬ ಜಾಗದಲ್ಲಿ ಮಗನ ಹೆಸರು ಹಾಕುವಾಗ ಸೂಗಮ್ಮನ ಕಡೆ ಒಮ್ಮೆ ನೋಡಿದಳು. ಇವನನ್ನು ಹೆತ್ತದ್ದಕ್ಕೆ ಬೇರೆ ಕಾಗದ ಇದ್ದರೆ ಇವನ ಗೊಡವೆಯೇ ಬೇಕಾಗಿರಲಿಲ್ಲ ಅಂದಳು, ಕಂಪ್ಯೂಟರಿಗೆ ಹೇಳಿದಂತೆ. ಅಂಥ ಕಾಗದವನ್ನು ಆ ಕಾಲದಲ್ಲಿ ಯಾರು ಮಾಡಿಸಿದ್ದರು?

ಚೇತನಕುಮಾರನ ಫೋನು ಕಿಣಿ ಅಂದಿತು.

"ಬಂತ ನೋಡ್ರಿ," ಅಂದಳು ಪಂಚಶೀಲಾ. "ಹೇಳ್ರಿ ಅಣ್ಣಾರ. ಹತ್ತು ನಿಮಿಷ ಇರತೈತಿ, ಆಮ್ಯಾಲ ಮತ್ತ ಸಾಲಿನ್ಯಾಗ ನಿಂದರಬೇಕು."

ಅವನು ಫೋನು ನೋಡಿದ. ಫೋನನ್ನು ಅಂಗೈಯಲ್ಲಿ ಮುಚ್ಚಿ ತಾಯಿಯ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಕೈ ತಪ್ಪಿಸಿಕೊಂಡು ಸಿಕ್ಕಾಗ ಇದ್ದ ಮುಖವೇ ಅದು.

"ಯವ್ವಾ, ನಂಬರ ಹೇಳ್ತೀನಿ. ಖರೆ ಒಂದ ಮಾತು. ಇನ್ನ ಮ್ಯಾಲ ಎಲ್ಲಿಗಿ ಹೋಗೂದಿದ್ರೂ ನನ್ನ ಕೇಳಿ ಹೋಗಬೇಕು. ನಾ ಬ್ಯಾಡ ಅನ್ನಾಂವ ಅಲ್ಲ. ಕೇಳಿದ್ರ ಸಾಕು."

ಶಾಸ್ತ್ರಿಗಳು ಕೈಗಡಿಯಾರ ನೋಡಿಕೊಂಡರು. ಎರಡೂ ಕಾಲು ಆಗಿತ್ತು, ಮೂರಕ್ಕೆ ಪುರಾಣ. ಮಗ ಕೇಳುವುದರಲ್ಲಿ ತಪ್ಪೇನಿದೆ, ಪ್ರೀತಿಯಿಂದ ಕೇಳುತ್ತಾನೆ, ಬಾಯಿಮಾತಿಗೆ ಒಪ್ಪಿಕೊಂಡರಾಯಿತು ಎಂದು ಮೆಲುದನಿಯಲ್ಲಿ ಹೇಳಿದರು. ಸಾಲಿನಲ್ಲಿ ನಿಂತಿದ್ದ ಗಂಡಸೊಬ್ಬ ಹೌದೌದು ಅಂದ. ಅವನ ಹಿಂದೆ ನಿಂತ ಹೆಂಗಸು ಕತ್ತು ಚಾಚಿ ಸೂಗಮ್ಮನನ್ನು ನೋಡಿದಳು.

"ಐದು ನಿಮಿಷ," ಅಂದಳು ಪಂಚಶೀಲಾ.

ಸೂಗಮ್ಮನ ಮುಂದೆ ಎಲ್ಲವೂ ಸ್ಪಷ್ಟ ಇತ್ತು. ಆ ಮುಚ್ಚಿದ ಅಂಗೈಯೊಳಗೆ ದೇವಾಪುರದ ಗುಡಿ ಇತ್ತು, ತಾಯಿ ಕೂತ ಜಾಗ ಇತ್ತು, ಇನ್ನೂ ಹದಿನಾಲ್ಕು ದಿನದ ಪದ್ಯಗಳಿದ್ದವು. ಒಂದು ಮಾತಿನಲ್ಲಿ ಅಷ್ಟೂ ಸಿಗುತ್ತಿತ್ತು. ಮೂರಕ್ಕೆ ಹೋಗಿ ಕೂಡಬಹುದಿತ್ತು.

ಚೇತನಕುಮಾರ ಸ್ವಲ್ಪ ಇಳಿದ. "ಆತು, ಕೇಳೂದ ಬ್ಯಾಡ. ಹೇಳಿ ಹೋಗು. ಬರೇ ಹೇಳಿ ಹೋಗ್ತೀನಿ ಅನ್ನಬೇ."

"ಎರಡ ನಿಮಿಷ, ಅಕ್ಕಾರ."

ಸೂಗಮ್ಮ ಸ್ಟೂಲಿನಿಂದ ಎದ್ದಳು, ಎಲೆಯಡಿಕೆ ಚೀಲವನ್ನು ಸೊಂಟಕ್ಕೆ ಸಿಗಿಸಿದಳು.

"ಕೇಳೂದೂ ಇಲ್ಲ, ಹೇಳೂದೂ ಇಲ್ಲಪ್ಪ," ಅಂದಳು. "ಒಲ್ಲೆ."